ಕಾಫಿಗೆ ಬಿಸಿಲು, ಸ್ನಾನಕ್ಕೆ ಕರೆಂಟು

ಕೊಡಗಿನ ಕಾಫಿ ಬೆಳೆಗಾರನಷ್ಟು ನಿಖರವಾಗಿ ಬಿಸಿಲನ್ನು ಬಲ್ಲವನು ಪಂಚಾಂಗ ಬರೆಯುವವರಲ್ಲಿಯೂ ಸಿಗಲಾರನು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆತ ಕಣದ ಅಂಚಿನಲ್ಲಿ ನಿಂತು ಆಕಾಶವನ್ನು ದಿಟ್ಟಿಸುವ ಪರಿಯನ್ನು ಕಂಡರೆ, ಸೂರ್ಯನೂ ಅವನ ತೋಟದಲ್ಲಿ ವಾರದ ಸಂಬಳಕ್ಕೆ ದುಡಿಯುವ ಆಳೇನೋ ಎಂಬ ಅನುಮಾನ ಬರುತ್ತದೆ. ಮಂಜು ಎಷ್ಟು ಹೊತ್ತಿಗೆ ಸರಿಯುತ್ತದೆ, ಮೊದಲ ಬಿಸಿಲು ಕಣದ ಯಾವ ಮೂಲೆಗೆ ಬೀಳುತ್ತದೆ, ಮೂರು ಗಂಟೆಯ ಮೇಲೆ ಯಾವ ಸಿಲ್ವರ್ ಓಕಿನ ನೆರಳು ಎಲ್ಲಿಯವರೆಗೆ ಚಾಚುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಹಣ್ಣನ್ನು ತೆಳುವಾಗಿ ಹರಡಿಸುತ್ತಾನೆ, ಆಗಾಗ ಕೈಯಾಡಿಸುತ್ತಾನೆ, ಸಂಜೆಗೆ ರಾಶಿ ಮಾಡಿಸಿ ಹಗಲಿನ ಕಾವು ಆರದಂತೆ, ಇಬ್ಬನಿ ತಗುಲದಂತೆ ಟಾರ್ಪಾಲು ಹೊದಿಸುತ್ತಾನೆ. ಹನ್ನೆರಡೋ ಹದಿನೈದೋ ದಿನ ಕಳೆದ ಮೇಲೆ ಒಂದು ಹಿಡಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಬೀಜ ಗಲಗಲ ಎಂದರೆ ಹದ ಬಂತೆಂದು ತೀರ್ಪು ಕೊಡುತ್ತಾನೆ. ವರ್ಷದ ದುಡಿಮೆಯನ್ನೆಲ್ಲ ಹೀಗೆ ಸೂರ್ಯನ ಕೈಗೊಪ್ಪಿಸಿ ರಶೀದಿಯನ್ನೂ ಕೇಳದ ಈ ಮಹಾನುಭಾವನಿಗೆ ಒಂದೇ ಒಂದು ವಿಷಯದಲ್ಲಿ ಮಾತ್ರ ಸೂರ್ಯನ ಮೇಲೆ ನಂಬಿಕೆ ಇಲ್ಲ. ಅದು ಎರಡು ಬಕೆಟ್ ಸ್ನಾನದ ನೀರು.

ಸ್ನಾನದ ನೀರಿಗೆ ಗೀಸರೇ ಆಗಬೇಕು. ಅದರಲ್ಲಿಯೂ 3,000 ವ್ಯಾಟಿನದು ಆಗಬೇಕು, ಏಕೆಂದರೆ ಚಳಿ ಜೋರು ನೋಡಿ. ಇದೇ ಮನೆಯ ಜಗಲಿಯಲ್ಲಿ ಹಳೆಯ ಬಲ್ಬುಗಳನ್ನೆಲ್ಲ ತೆಗೆಸಿ 9 ವ್ಯಾಟಿನ ಎಲ್‌ಇಡಿ ಹಾಕಿಸಿರುವುದನ್ನು ಬಂದ ನೆಂಟರಿಗೆಲ್ಲ ತೋರಿಸಲಾಗುತ್ತದೆ, ಮಕ್ಕಳು ಕೋಣೆಯ ದೀಪ ಆರಿಸದೆ ಹೊರಗೆ ಬಂದರೆ ಬೈಗುಳ ಬೀಳುತ್ತದೆ. ಬೈಯುವಾಗ ಅತ್ತ ಬಚ್ಚಲಿನಲ್ಲಿ ಅಂಥ 330 ಬಲ್ಬುಗಳಿಗೆ ಸಮನಾದ ಕೆಂಪು ದೀಪವೊಂದು ಅರ್ಧ ಗಂಟೆಯಿಂದ ಮಿನುಗುತ್ತಿರುತ್ತದೆ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4.6 ಯೂನಿಟ್ ವಿದ್ಯುತ್ತು ಬೇಕು. ಅಷ್ಟೇ ವಿದ್ಯುತ್ತಿನಲ್ಲಿ ಆ ಬಡಪಾಯಿ ಬಲ್ಬು 500 ಗಂಟೆ ಉರಿಯುತ್ತದೆ. ಆದರೆ ಬಲ್ಬು ಕಣ್ಣಿಗೆ ಕಾಣುತ್ತದೆ, ಗೀಸರು ಬಾಗಿಲ ಹಿಂದೆ ಇರುತ್ತದೆ. ನಮ್ಮ ಮಿತವ್ಯಯವು ಯಾವಾಗಲೂ ಕಣ್ಣಿಗೆ ಕಾಣುವ ಕಡೆಯಿಂದಲೇ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ.

ಆ ವಿದ್ಯುತ್ತು ಬರುವ ದಾರಿಯೂ ರಸವತ್ತಾಗಿದೆ. ನೆಲದಿಂದ ಅಗೆದ ಕಲ್ಲಿದ್ದಲನ್ನು ರೈಲಿನಲ್ಲಿ ರಾಯಚೂರಿನ ಶಕ್ತಿನಗರಕ್ಕೆ ತಂದು, ಅಲ್ಲಿ ಅದನ್ನು ಸುಟ್ಟು ನೀರನ್ನು ಕುದಿಸಿ, ಆ ಹಬೆಯಿಂದ ಚಕ್ರ ತಿರುಗಿಸಿ, ಶಾಖದ ಮೂರರಲ್ಲಿ ಎರಡು ಪಾಲನ್ನು ಗಾಳಿಗೂ ನೀರಿಗೂ ಬಿಟ್ಟುಕೊಟ್ಟು, ಉಳಿದದ್ದನ್ನು ತಂತಿಯ ಮೇಲೆ ರಾಜ್ಯದ ಇನ್ನೊಂದು ತುದಿಗೆ ನಡೆಸಿಕೊಂಡು ಬಂದು, ಕೊನೆಗೆ ನಮ್ಮ ಬಚ್ಚಲಿನಲ್ಲಿ ಮತ್ತೆ ನೀರನ್ನೇ ಕಾಯಿಸುತ್ತೇವೆ. ಅಲ್ಲಿ ನೀರು ಕುದಿಯಬೇಕು, ಇಲ್ಲಿ ನೀರು ಬೆಚ್ಚಗಾಗಬೇಕು. ನಡುವೆ ಇಷ್ಟೊಂದು ಕಂಬಗಳು, ಇಷ್ಟೊಂದು ಎಂಜಿನಿಯರುಗಳು. ಮನೆಯ ಹೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಸುಮ್ಮನೆ ಬಿದ್ದಿರುವ ಬಿಸಿಲಿಗೆ ಇಂಥ ಗತ್ತು ಎಲ್ಲಿಂದ ಬರಬೇಕು?

ಸರ್ಕಾರ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ರಾಜ್ಯದಲ್ಲಿ ಕೆಲವು ಬಗೆಯ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರನ್ನು 2007ರಲ್ಲಿಯೇ ಕಡ್ಡಾಯ ಮಾಡಲಾಯಿತು. ಹಾಕಿಸಿಕೊಂಡ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ಬಿಲ್ಲಿನಲ್ಲಿ ರಿಯಾಯಿತಿಯೂ ಬಂತು. ಆಮೇಲೆ 2023ರಲ್ಲಿ ಗೃಹಜ್ಯೋತಿ ಬಂತು. 2022-23ರಲ್ಲಿ ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿದ್ದರೋ ಅದರ ಮೇಲೆ ಶೇ. 10 ಸೇರಿಸಿ, 200 ಯೂನಿಟ್ ದಾಟದ ಹಾಗೆ ಉಚಿತ. ಈಗ ಲೆಕ್ಕ ನೋಡಿ. ಮಾಡಿನ ಮೇಲೆ ಸೋಲಾರ್ ಹಾಕಿಸಿ ತಿಂಗಳಿಗೆ 60 ಯೂನಿಟ್ಟಿನಲ್ಲಿ ಸಂಸಾರ ಮಾಡಿದವನಿಗೆ 66 ಯೂನಿಟ್ ಉಚಿತ. ಗೀಸರನ್ನು ರಾತ್ರಿಯಿಡೀ ಆರಿಸಲು ಮರೆತು 150 ಯೂನಿಟ್ ಉರಿಸಿದವನಿಗೆ 165 ಯೂನಿಟ್ ಉಚಿತ. ಮರೆವಿಗೆ ಇಷ್ಟು ದೊಡ್ಡ ಬಹುಮಾನವನ್ನು ಕೊಟ್ಟ ಯೋಜನೆ ಇನ್ನೊಂದಿರಲಾರದು. ಮೊದಲಿನವನು ತನ್ನ 50 ಪೈಸೆಯ ರಿಯಾಯಿತಿಯನ್ನು ನೆನೆದು ಸಮಾಧಾನ ಪಡೋಣವೆಂದರೆ, ಸೊನ್ನೆಯ ಬಿಲ್ಲಿನಲ್ಲಿ 50 ಪೈಸೆಯನ್ನು ಎಲ್ಲಿಂದ ಕಳೆಯುವುದು?

ಬಡವರ ಮನೆಯ ದೀಪಕ್ಕೆ ನನ್ನ ತಕರಾರಿಲ್ಲ. ದಿನಕ್ಕೆ ನೂರು ಲೀಟರ್ ಬಿಸಿನೀರಿಗೇ ತಿಂಗಳಿಗೆ ಸುಮಾರು 140 ಯೂನಿಟ್ ಬೇಕಾಗುವಾಗ ಆ ಜ್ಯೋತಿಯು ಹೆಚ್ಚಿನ ಹೊತ್ತು ಬಚ್ಚಲಿನಲ್ಲಿಯೇ ಬೆಳಗುತ್ತಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಹಾಗಾದರೆ ಕೊಡಗಿನಲ್ಲಿ ಸೋಲಾರ್ ಇಲ್ಲವೇ ಎಂದು ಕೇಳಿದರೆ, ಧಾರಾಳವಾಗಿದೆ. ಅದನ್ನು ನೋಡಬೇಕಾದರೆ ಹೋಂ ಸ್ಟೇಗಳಿಗೆ ಹೋಗಬೇಕು. ನಮ್ಮ ಕಡೆಯ ಒಂದು ಹೋಂ ಸ್ಟೇಯಲ್ಲಿ (ಹೆಸರು ಬೇಡ, ಮಾಲೀಕರು ದೂರದ ಸಂಬಂಧಿಕರು) ಗಾಜಿನ ಕೊಳವೆಗಳ ಸೋಲಾರನ್ನು ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದ್ದಾರೆ. ಭೂಮಧ್ಯರೇಖೆಯ ಉತ್ತರಕ್ಕೆ, 12 ಡಿಗ್ರಿ ಅಕ್ಷಾಂಶದಲ್ಲಿರುವ ನಮ್ಮಲ್ಲಿ ಅದು ದಕ್ಷಿಣಕ್ಕೆ ಮುಖ ಮಾಡಬೇಕು, ಚಳಿಗಾಲದಲ್ಲಿ ಸೂರ್ಯ ಹಾಯುವುದೇ ಆ ಕಡೆಯಿಂದ ಎಂದು ನಾನು ಹೇಳಿದೆ. "ಅದು ನನಗೂ ಗೊತ್ತು ಬಾವ, ಆದರೆ ರಸ್ತೆ ಇರುವುದು ಉತ್ತರಕ್ಕಲ್ಲವಾ" ಎಂದರು. ಪರಿಸರಸ್ನೇಹಿ ಎಂಬ ಬೋರ್ಡಿನ ಪಕ್ಕದಲ್ಲಿ ಪರಿಸರಸ್ನೇಹವು ಕಾರಿನೊಳಗಿಂದಲೇ ಕಾಣಬೇಕು. ಅದರ ಮೇಲೆ ಕರಿಮೆಣಸು ಹಬ್ಬಿದ ಮರವೊಂದರ ಕೊಂಬೆ ಸೊಂಪಾಗಿ ಬಾಗಿದೆ. ಕಾಫಿ ಗಿಡಕ್ಕೆ ಎಷ್ಟು ನೆರಳು, ಎಷ್ಟು ಬೆಳಕು ಎಂದು ಅಳೆದು ಪ್ರತಿ ವರ್ಷ ತಪ್ಪದೆ ಮರಗಸಿ (ನೆರಳು ಮರಗಳ ಕೊಂಬೆ ಸವರುವ ಕೆಲಸ) ಮಾಡಿಸುವ ಅದೇ ಕೈಗೆ, ಬೆಳಕನ್ನೇ ಉಣ್ಣಬೇಕಾದ ಯಂತ್ರದ ಮೇಲಿನ ಆ ಒಂದು ಕೊಂಬೆಯನ್ನು ಕಡಿಸಲು ಐದು ವರ್ಷದಿಂದ ಪುರುಸೊತ್ತಾಗಿಲ್ಲ.

ಒಳಗೆ ಹೋದರೆ ಆರು ಕೋಣೆ, ಆರು ಗೀಸರು. ಹೊರಗಿನ ಬೋರ್ಡಿನಲ್ಲಿ 24 ಗಂಟೆ ಬಿಸಿನೀರಿನ ವಾಗ್ದಾನವಿದೆ. ಒಳಗೆ ಕನ್ನಡಿಯ ಪಕ್ಕದ ಚೀಟಿಯಲ್ಲಿ ಪರಿಸರದ ಹಿತದೃಷ್ಟಿಯಿಂದ ಟವೆಲನ್ನು ಎರಡನೆಯ ದಿನವೂ ಬಳಸಬೇಕೆಂಬ ವಿನಂತಿಯಿದೆ. ಅತಿಥಿಗಳು ಹಿಂದಿನ ಸಂಜೆ ಮಡಿಕೇರಿಯ ರಾಜಾಸೀಟಿನಲ್ಲಿ ಟಿಕೆಟ್ ಪಡೆದು ಸೂರ್ಯನನ್ನು ನೋಡಿ ಬಂದವರು. ಬೆಳಿಗ್ಗೆ ಏಳಕ್ಕೆ ಆರು ಗೀಸರುಗಳೂ ಒಮ್ಮೆಗೇ ಎದ್ದಾಗ ಇಡೀ ಊರಿನ ದೀಪಗಳು ಸಂಕೋಚದಿಂದ ಮಂಕಾಗುತ್ತವೆ, ಕೆಳಗಿನ ಮನೆಯ ಮಿಕ್ಸಿ ಅರ್ಧ ಚಟ್ನಿಯಲ್ಲಿ ನಿಲ್ಲುತ್ತದೆ. ಕರೆಂಟು ಹೋದರೆ ಜನರೇಟರ್ ಹೊಡೆಯಲಾಗುತ್ತದೆ, ಅಂದರೆ ಡೀಸೆಲ್ ಸುಟ್ಟು ನೀರು ಕಾಯಿಸಲಾಗುತ್ತದೆ. ಗಾಳಿಯಲ್ಲಿರುವ ಶಾಖವನ್ನೇ ಸೆಳೆದುಕೊಂಡು ಗೀಸರಿನ ಮೂರನೆಯ ಒಂದು ಪಾಲು ವಿದ್ಯುತ್ತಿನಲ್ಲಿ ನೀರು ಕಾಯಿಸುವ ಹೀಟ್ ಪಂಪು ಎಂಬ ಯಂತ್ರವೊಂದಿದೆ, ಆರು ಕೋಣೆಗೂ ಒಂದೇ ಸಾಕು ಎಂದು ನಾನು ಸೂಚಿಸಿದೆ. ಅದು ರಸ್ತೆಗೆ ಕಾಣುತ್ತದೆಯೇ ಎಂದು ಬಾವನವರು ವಿಚಾರಿಸಿದರು.

ಸರಿಯಾದ ದಿಕ್ಕಿಗೆ, ಸರಿಯಾದ ಬಿಸಿಲಿಗೆ ಸೋಲಾರ್ ಹಾಕಿಸಿದ ಸಜ್ಜನರೂ ಇದ್ದಾರೆ. ಅವರದು ಬೇರೆ ಕಥೆ. ಮಳೆಗಾಲಕ್ಕೆ ಇರಲಿ ಎಂದು ಟ್ಯಾಂಕಿನೊಳಗೆ ವಿದ್ಯುತ್ ಕಾಯಿಲ್ ಇರುತ್ತದೆ. ಜೂನಿನಲ್ಲಿ ಮಳೆ ಹಿಡಿದ ದಿನ ಅದರ ಸ್ವಿಚ್ಚನ್ನು ಹಾಕಲಾಗುತ್ತದೆ. ಕಕ್ಕಡ ಮಾಸ ಕಳೆಯುತ್ತದೆ, ಕೈಲ್‌ಪೊಳ್ದ್ ಹಬ್ಬ ಮುಗಿಯುತ್ತದೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿಬರುತ್ತಾರೆ, ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ಮನೆಗೆ ಬರುತ್ತದೆ, ಸ್ವಿಚ್ಚು ಮಾತ್ರ ಹಾಕಿದಂತೆಯೇ ಇರುತ್ತದೆ. ಜನವರಿಯ ಸೂರ್ಯ ಆ ಮಾಡಿನ ಮೇಲೆ ದಿನವಿಡೀ ಬೆವರು ಸುರಿಸಿ ದುಡಿದು, ಆಗಲೇ ಕಾಯಿಲ್ ಕಾಯಿಸಿಟ್ಟ ನೀರನ್ನು ಮುಟ್ಟಿ ನೋಡಿ ನಾಚಿಕೊಂಡು ಮುಳುಗುತ್ತಾನೆ. ಮನೆಯವರು ಮಾತ್ರ, ಸೋಲಾರ್ ಹಾಕಿಸಿಯೂ ಕರೆಂಟ್ ಇಳಿಯಲಿಲ್ಲ, ಇದೆಲ್ಲ ಕಂಪನಿಯವರ ಮೋಸ ಎಂದು ಮದುವೆ ಮನೆಗಳಲ್ಲಿ ಸಾಕ್ಷ್ಯ ನುಡಿಯುತ್ತಾರೆ. ಇನ್ನು ಕೆಲವರ ಮನೆಯಲ್ಲಿ ಟ್ಯಾಂಕು ಮಾಡಿನ ಈ ತುದಿಗೆ, ಬಚ್ಚಲು ಆ ತುದಿಗೆ. ನಡುವಿನ ಪೈಪಿಗೆ ಒಂದು ಹೊದಿಕೆಯಿಲ್ಲದೆ, ಬಿಸಿನೀರು ಬರುವ ಮೊದಲು ಎರಡು ಬಕೆಟ್ ತಣ್ಣೀರು ಮೋರಿಗೆ ಹೋಗುತ್ತದೆ. ಕಣದ ಕಾಫಿ ರಾಶಿಗಾದರೂ ರಾತ್ರಿ ಟಾರ್ಪಾಲು ಸಿಗುತ್ತದೆ.

ಮಡಿಕೇರಿಯ ಮಳೆಯನ್ನು ಮರೆತು ಮಾತಾಡಬೇಡಿ ಎಂದು ಯಾರಾದರೂ ರೇಗಬಹುದು. ಮರೆತಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುವ ಊರಿನಲ್ಲಿ ಜುಲೈ ತಿಂಗಳು ಸೋಲಾರ್ ಫಲಕದ ಉಪಯೋಗ ಪಾಚಿ ಬೆಳೆಸುವುದಕ್ಕೆ ಮಾತ್ರ. ಆಗ ಬಚ್ಚಲ ಒಲೆ, ಹಂಡೆ, ಮರಗಸಿಯ ಸೌದೆ ಇವೆ, ಅವುಗಳ ಮುಂದೆ ಕುಳಿತು ಬೆನ್ನು ಕಾಯಿಸಿದ ಸುಖವನ್ನು ಯಾವ ಯಂತ್ರವೂ ಕೊಡಲಾರದು. ಆದರೆ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬನ್ನಿ, ಅಲ್ಲಿಂದ ಹೆಬ್ಬಾಲೆ, ಶಿರಂಗಾಲದ ಕಡೆಗೆ ಹೋಗಿ. ಮಡಿಕೇರಿಯ ಮಳೆಯ ಮೂರನೆಯ ಒಂದು ಪಾಲು ಬೀಳುವುದೂ ಕಷ್ಟವಾಗಿರುವ, ಜೋಳ ಬೆಳೆಯುವ ಆ ಬಯಲಿನಲ್ಲಿಯೂ ಹೊಸ ಮನೆಗಳ ಬಚ್ಚಲಿನಲ್ಲಿ ಗೀಸರೇ. ಕಾರಣ ಕೇಳಿದರೆ, "ನಮ್ಮದು ಕೊಡಗಲ್ಲವಾ ಸಾರ್, ಇಲ್ಲಿ ಬಿಸಿಲೆಲ್ಲಿ" ಎಂದು ತಲೆಯ ಮೇಲಿನ ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತಾ ಹೇಳುತ್ತಾರೆ.

ಸೂರ್ಯನನ್ನು ನಿಜವಾಗಿ ನೀರಿಗೆ ಹಚ್ಚಿರುವವರು ಲೈನ್ ಮನೆಯವರು, ಅಂದರೆ ತೋಟದ ಸಾಲು ಮನೆಗಳಲ್ಲಿರುವ ಕೂಲಿಕಾರರು. ತೋಟಕ್ಕೆ ನೀರು ಹಾಯಿಸುವ ಕರಿ ಪೈಪು ಬೆಳಗಿನಿಂದ ಕಣದ ಪಕ್ಕ ಬಿಸಿಲಿನಲ್ಲಿ ಬಿದ್ದಿರುತ್ತದೆ. ಸಂಜೆ ಅದರ ಬಾಯಿ ತೆರೆದರೆ ಮೊದಲ ನಾಲ್ಕು ಬಿಂದಿಗೆ ಕೈ ಸುಡುವಷ್ಟು ಬಿಸಿ. ಕಾಫಿ ಕುಯ್ದು ಬಂದ ಹೆಂಗಸರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೀಯಿಸಿಬಿಡುತ್ತಾರೆ. ಈ ವ್ಯವಸ್ಥೆಗೆ ಯಾರ ಅನುಮತಿಯಾಗಲಿ, ರಿಯಾಯಿತಿಯಾಗಲಿ ಇಲ್ಲ.

ಕಳೆದ ಜನವರಿಯ ಒಂದು ಸಂಜೆ ನಾನು ನೆರೆಯ ತೋಟದ ಸಾಹುಕಾರರನ್ನು ನೋಡಲು ಹೋಗಿದ್ದೆ. ಅವರು ಬಚ್ಚಲಿನಲ್ಲಿ ಮೈಗೆಲ್ಲ ಸೋಪು ಹಚ್ಚಿಕೊಂಡ ಹೊತ್ತಿಗೆ ಕರೆಂಟು ಹೋಯಿತು, ಜನರೇಟರಿಗೆ ಡೀಸೆಲ್ ಇರಲಿಲ್ಲ. ಕಣದಲ್ಲಿ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರು ನಿಂತು ರಾಶಿಗೆ ಟಾರ್ಪಾಲು ಎಳೆಸುತ್ತಿದ್ದರು, ಆಚೆ ಪೈಪಿನ ಬಳಿ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಏನ್ರೀ ರೈಟ್ರೇ, ಬಂತಾ?" ಎಂದು ಬಚ್ಚಲಿನ ಕಿಟಕಿಯಿಂದ ಕೂಗು ಬಂತು.

"ಬಂತು ಸಾಹುಕಾರ್ರೇ," ಎಂದು ರೈಟರು ಒಂದು ಹಿಡಿ ಕಾಫಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಾ ಹೇಳಿದರು. "ಇವತ್ತು ಒಳ್ಳೇ ಬಿಸಿಲು. ಹದ ಬಂತು."