ಕರಿ ಹುಂಜದ ಊರಿನ ಕೊನೇ ಬಸ್ಸು

31 ವರ್ಷ ಬಸ್ ಡಿಪೋದಲ್ಲಿ ಷೆಡ್ಯೂಲು ಬರೆದು ನಿವೃತ್ತನಾದವನಿಗೆ ಬಸ್ಸಿನ ಟೈಮು ನೋಡಲು ಬರುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನನ್ನ ಹೆಂಡತಿ ನಂಬುತ್ತಾಳೆ. ಕಳೆದ ಅಕ್ಟೋಬರಿನ ಒಂದು ಭಾನುವಾರದಿಂದ.

ಮಗಳು ಇಟಲಿಯ ಫ್ಲಾರೆನ್ಸಿನಲ್ಲಿ ಓದುತ್ತಿದ್ದಾಳೆ. ಅವಳಿಗೆ ಪರೀಕ್ಷೆ, ನಮಗೆ ಪುರಸೊತ್ತು. "ಅಪ್ಪಾ, ಕಿಯಾಂತಿ ಕಡೆ ಹೋಗಿ ಬನ್ನಿ. ದ್ರಾಕ್ಷಿ ತೋಟ, ಹಳೇ ಊರು, ಚೆನ್ನಾಗಿರುತ್ತೆ" ಎಂದಳು. "ನಾವು ಕುಡಿಯೋರಲ್ಲವಲ್ಲೇ" ಎಂದೆ. "ತೋಟ ನೋಡೋಕೆ ಕುಡೀಬೇಕಾ?" ಎಂದು ಬಾಯಿ ಮುಚ್ಚಿಸಿ ಬಸ್ಸು ಹತ್ತಿಸಿದಳು.

ಗಂಟೆಯೊಳಗೆ ಗ್ರೇವೆ ಬಂತು. ಊರ ನಡುವಿನ ಚೌಕ ಚೌಕವಲ್ಲ, ಮೂರು ಮೂಲೆಯದು. ಸುತ್ತ ಕಮಾನಿನ ಜಗಲಿ, ನಡುವೆ ವೆರಾಜಾನೊ ಎಂಬ ನಾವಿಕನ ಪ್ರತಿಮೆ. 1524ರಲ್ಲಿ ನ್ಯೂಯಾರ್ಕ್ ಬಂದರಿಗೆ ಹಡಗು ನುಗ್ಗಿಸಿದವನು ಈ ಸೀಮೆಯವನಂತೆ. "ಅಷ್ಟು ದೂರ ಹೋದೋರು ವಾಪಸ್ ಬಂದ್ರೇನ್ರೀ?" ಎಂದಳು ಇವಳು. ಅದೇ ವರ್ಷ ಬಂದ ಎಂದೆ. ಇದನ್ನು ಅವಳು ಸಂಜೆಗೆ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದು ನನಗೆ ಆಗ ಗೊತ್ತಾಗಲಿಲ್ಲ.

ಅಲ್ಲಿಂದ ಮೊಂತೆಫಿಯೊರಾಲ್ಲೆಗೆ ಏರು ದಾರಿ. ಎರಡೂ ಕಡೆ ಆಲಿವ್ ಮರ, ದ್ರಾಕ್ಷಿ ಸಾಲು. ಕೊಯ್ಲು ಮುಗಿದು ಎಲೆಗಳು ಹಳದಿಗೆ ತಿರುಗಿದ್ದವು. ಊರು ಎಂದರೆ ಗುಡ್ಡದ ನೆತ್ತಿಗೆ ಸಿಂಬಿ ಸುತ್ತಿಟ್ಟ ಹಾಗೆ ಒಂದೇ ಕಲ್ಲು ಬೀದಿ. ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ. ದಾರಿ ತಪ್ಪಲು ಸಾಧ್ಯವೇ ಇಲ್ಲದ ಊರಿನಲ್ಲಿ ನಾವು ಎರಡು ಸುತ್ತು ಹೊಡೆದೆವು, ಊಟದ ಮನೆ ಹುಡುಕಿಕೊಂಡು. ನಡುವೆ ಒಂದು ಬಾಗಿಲಿನ ಮೇಲೆ 'ವಿ' ಅಕ್ಷರ, ಪಕ್ಕದಲ್ಲಿ ಕಣಜದ ಹುಳ. ಅಮೆರಿಕಕ್ಕೆ ಹೆಸರು ಕೊಟ್ಟ ಅಮೆರಿಗೊ ವೆಸ್ಪುಚಿಯ ಮನೆತನದ ಮನೆ ಎನ್ನುತ್ತಾರೆ. ಅವರ ಭಾಷೆಯಲ್ಲಿ ವೆಸ್ಪ ಎಂದರೆ ಕಣಜ. ಆಸಾಮಿ ಹುಟ್ಟಿದ್ದು ಫ್ಲಾರೆನ್ಸಿನಲ್ಲಿ, ಆದರೂ ಊರು ಬಿಟ್ಟುಕೊಟ್ಟಿಲ್ಲ. ಬಿಡಬಾರದು ಕೂಡ.

ಊಟದ ಮನೆ ಸಿಕ್ಕಿತು. ಗಂಟೆ ಮೂರಾಗಿತ್ತು. ಬಾಗಿಲಲ್ಲಿ ನಿಂತಿದ್ದವರು "ಕುಚೀನಾ ಕಿಯೂಸಾ" ಎಂದರು. ಹೊಸ ಐಟಮ್ಮು ಇರಬೇಕೆಂದು "ಎರಡು ಕೊಡಿ" ಎಂದು ಬೆರಳು ತೋರಿಸಿದೆ. ಅಡುಗೆಮನೆ ಮುಚ್ಚಿದೆ ಎಂದು ಅದರ ಅರ್ಥ. ಇನ್ನು ತೆರೆಯುವುದು ರಾತ್ರಿಗೆ. ನಮ್ಮಲ್ಲಾದರೆ ಮೂರು ಗಂಟೆಗೆ ಊಟ ಮುಗಿದರೂ "ಮೊಸರನ್ನ ಇದೆ ಸಾರ್" ಎನ್ನುವವನೊಬ್ಬ ಇರುತ್ತಾನೆ.

ಬಂದ ದಾರಿಗೆ ಸುಂಕವಿಲ್ಲವೆಂದು ಗ್ರೇವೆಗೆ ಇಳಿದೆವು. ತೆರೆದಿದ್ದು ಒಂದು ವೈನ್ ಅಂಗಡಿ ಮಾತ್ರ. ರುಚಿ ನೋಡುವವರಿಗೆ ಬ್ರೆಡ್ಡು, ಆಲಿವ್ ಎಣ್ಣೆ ಕೊಡುತ್ತಾರೆಂದು ಬರೆದಿತ್ತು. ಹಸಿವಿನ ಮುಂದೆ ವ್ರತ ಎಷ್ಟು ಹೊತ್ತು ನಿಂತೀತು? ಹೋಗಿ ಕೂತೆವು. ಬ್ರೆಡ್ಡಿಗೆ ಉಪ್ಪೇ ಇಲ್ಲ. ಮರೆತಿದ್ದಲ್ಲ, ಆ ಸೀಮೆಯಲ್ಲಿ ಹಾಕುವುದೇ ಇಲ್ಲ. ಆದರೆ ಎಣ್ಣೆ, ಆಹಾ! ಗಂಟಲಲ್ಲಿ ಸಣ್ಣಗೆ ಕಾರ ಹತ್ತುವ ಹಸಿರು ಎಣ್ಣೆ. ಇವಳು ನಾಲ್ಕು ತುಂಡು ಅದ್ದಿ ತಿಂದ ಮೇಲೆ ವೈನ್ ಬಾಟಲಿ ಎತ್ತಿ ನೋಡಿ ಬೆಚ್ಚಿಬಿದ್ದಳು. ಕತ್ತಿನ ಪಟ್ಟಿಯ ಮೇಲೆ ಕರಿ ಹುಂಜ!

"ರೀ, ಇದರಲ್ಲಿ ಕೋಳಿ ಹಾಕಿದ್ದಾರೆ. ಹಸಿರು ಚುಕ್ಕಿ ಎಲ್ಲಿದೆ ಕೇಳಿ."

ಅಂಗಡಿಯ ಹುಡುಗಿಗೆ ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಈ ವೈನನ್ನು ಕಿಯಾಂತಿ ಕ್ಲಾಸಿಕೊ ಎನ್ನಬೇಕಾದರೆ ಶೇಕಡ 80ಕ್ಕೆ ಕಡಿಮೆಯಿಲ್ಲದಂತೆ ಸಾಂಜೊವೇಸೆ ದ್ರಾಕ್ಷಿ ಇರಲೇಬೇಕು ಎಂದಳು.

"ಉಳಿದ 20 ಕೋಳೀನಾ?" ಎಂದಳು ಇವಳು, ಕನ್ನಡದಲ್ಲೇ.

ಹುಂಜ ಆ ವೈನಿನ ಗುರುತಂತೆ, ಅದರ ಕಥೆ ಬೇರೆಯೇ. ಫ್ಲಾರೆನ್ಸಿಗೂ ಸಿಯೆನಾಗೂ ಗಡಿ ಜಗಳವಿತ್ತಂತೆ. ಎರಡೂ ಊರಿನಿಂದ ಕೋಳಿ ಕೂಗಿದ ಕೂಡಲೇ ಒಬ್ಬೊಬ್ಬ ಸವಾರ ಹೊರಡುವುದು, ಇಬ್ಬರೂ ಎದುರಾದ ಕಡೆ ಗಡಿ. ಸಿಯೆನಾದವರು ಬಿಳಿ ಹುಂಜಕ್ಕೆ ಹೊಟ್ಟೆ ತುಂಬ ತಿನ್ನಿಸಿದರು, ಅದು ಹಾಯಾಗಿ ಮಲಗಿತು. ಫ್ಲಾರೆನ್ಸಿನವರು ಕರಿ ಹುಂಜವನ್ನು ಉಪವಾಸ ಕೆಡವಿದರು. ಅದು ಹಸಿವಿಗೆ ನಡುರಾತ್ರಿಯೇ ಕೂಗಿತು. ಇವರ ಸವಾರ ಸಿಯೆನಾಕ್ಕೆ 12 ಕಿಲೋಮೀಟರು ಉಳಿದಿರುವಾಗ ಅವರವನನ್ನು ಹಿಡಿದ. ಹೆಚ್ಚುಕಡಿಮೆ ಕಿಯಾಂತಿಯೆಲ್ಲ ಫ್ಲಾರೆನ್ಸಿಗೆ. ನನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದ ನಮ್ಮ ಮುದುಕಿಯನ್ನು ಇವರು ಎಲ್ಲರಿಗಿಂತ ಮೊದಲೇ ನಂಬಿದ್ದರೆಂದು ಕಾಣುತ್ತದೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಟೈಮಿಗೆ ಮುಂಚೆ ಗಾಡಿ ಬಿಟ್ಟವನಿಗೆ ನಮ್ಮ ಡಿಪೋದಲ್ಲಿ ಮೆಮೊ ಕೊಡುತ್ತಿದ್ದೆವು, ರಾಜ್ಯ ಕೊಡುತ್ತಿರಲಿಲ್ಲ.

ಕೈಯೆಲ್ಲ ಎಣ್ಣೆ. ಮೇಜಿನ ಮೇಲೆ ಅಗಲ ಬಾಯಿಯ ಒಂದು ಪಾತ್ರೆ, ತಳದಲ್ಲಿ ಕೆಂಪು ನೀರು. ನಮ್ಮ ಹೋಟೆಲುಗಳಲ್ಲಿ ಬಿಸಿನೀರಿಗೆ ನಿಂಬೆಹೋಳು ಹಾಕಿಕೊಡುತ್ತಾರೆ, ಇವರು ದ್ರಾಕ್ಷಿ ಹಿಂಡುತ್ತಾರೇನೋ ಎಂದುಕೊಂಡು ಐದೂ ಬೆರಳು ಅದ್ದಿ ಚೆನ್ನಾಗಿ ಉಜ್ಜಿದೆ. ಪಕ್ಕದಲ್ಲಿದ್ದ ದಪ್ಪ ಮೀಸೆಯವರು ಕೆನ್ನೆ ಉಬ್ಬಿಸಿಕೊಂಡು ನಾನು ಮುಗಿಸುವುದನ್ನೇ ಕಾಯುತ್ತಿದ್ದರು. ಕೈ ತೆಗೆದೆ. ಅವರು ಬಗ್ಗಿ, ಬಾಯಲ್ಲಿದ್ದ ವೈನನ್ನು ಸಲೀಸಾಗಿ ಅದರೊಳಗೆ ಉಗಿದರು. ರುಚಿ ನೋಡುವವರು ಉಗಿಯುವ ಪಾತ್ರೆಯಂತೆ ಅದು. ಇವಳು ತನ್ನ ಕುರ್ಚಿಯನ್ನು ಒಂದು ಮೊಳ ಆಚೆ ಎಳೆದುಕೊಂಡಳು.

ಸೋಪು ಹಾಕಿ ಮೂರು ಸಲ ತೊಳೆದು ಬಸ್ ಸ್ಟಾಪಿಗೆ ಬಂದೆವು. ಬೋರ್ಡಿನಲ್ಲಿ ಎರಡು ಪಟ್ಟಿ: 'ಫೆರಿಯಾಲೆ', 'ಫೆಸ್ತಿವೊ'. ಫೆರಿಯೆ ಎಂದರೆ ರಜೆ ಎಂದು ಮಗಳು ಮೊದಲ ದಿನವೇ ಹೇಳಿದ್ದಳು. ಇವತ್ತು ಭಾನುವಾರ, ಅಂದಮೇಲೆ ಫೆರಿಯಾಲೆ. ಐದೂಕಾಲಿಗೆ ಬಸ್ಸು. ಫೆಸ್ತಿವೊ ಜಾತ್ರೆ ಸ್ಪೆಷಲ್ ಇರಬೇಕು. "ಈ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ" ಎಂದು ಬೇರೆ ಅಂದೆ.

ಐದೂಕಾಲಾಯಿತು. ಐದೂವರೆಯಾಯಿತು. ಆರಕ್ಕೆ ಮಗಳಿಗೆ ಫೋನು ಮಾಡಿದೆ.

"ಅಯ್ಯೋ ಅಪ್ಪಾ, ಫೆರಿಯಾಲೆ ಅಂದ್ರೆ ಕೆಲಸದ ದಿನ. ಭಾನುವಾರಕ್ಕೆ ಫೆಸ್ತಿವೊ ನೋಡ್ಬೇಕು."

ರಜೆಯ ಹೆಸರು ಹೊತ್ತುಕೊಂಡು ಕೆಲಸದ ದಿನ ಓಡುವ ಬಸ್ಸನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಇನ್ನು ಉಳಿದಿದ್ದು ಏಳು ಗಂಟೆಯದು, ಅದೇ ಕೊನೆಯದು. ಚಳಿ ಇಳಿಯತೊಡಗಿತು. ಇವಳು ಚೌಕದ ಕಡೆಗೊಮ್ಮೆ ಕತ್ತು ತಿರುಗಿಸಿ, "ಅವರು ಅಮೆರಿಕದಿಂದ ಅದೇ ವರ್ಷ ವಾಪಸ್ ಬಂದ್ರು ಅಂದ್ರಲ್ಲ, ಬೋರ್ಡು ಓದೋಕೆ ಬರ್ತಿತ್ತೇನೋ" ಎಂದಳು.

ಬಸ್ಸು ಬಂದಾಗ ಒಂಬತ್ತು ನಿಮಿಷ ಲೇಟು. ಪೆನ್ನು ತೆಗೆದು ಟಿಕೆಟ್ಟಿನ ಹಿಂದೆ ಬರೆದುಕೊಂಡೆ.