ಕಪ್ಪು ಹೊಗೆ ಬಂದರೆ ಇಂಜಿನ್ ಬೋರ್ ಹೋಗಿದೆಯಾ?

"ಹಳೆ ಮಾರುತಿ 800ರ ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬಂತಾ? ಇಂಜಿನ್ ಮುಗೀತು, ಬೋರ್ ಮಾಡಿಸಿ" ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಅದು ತಪ್ಪು. ಬೋರ್, ಅಂದ್ರೆ ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳಗೋಡೆ, ಸವೆದರೆ ಇಂಜಿನ್ ಆಯಿಲ್ ಉರಿಯುತ್ತದೆ, ಆಗ ಬರುವುದು ನೀಲಿ ಹೊಗೆ. ಕಪ್ಪು ಅಂದ್ರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅಷ್ಟೇ.

ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಧೂಳು ಕಟ್ಟಿದ್ದರೆ ಬದಲಿಸಿ. ಆಮೇಲೆ ಚೋಕ್, ಅಂದ್ರೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಗಾಳಿ ಕಡಿಮೆ ಮಾಡುವ ಗುಂಡಿ. ಗುಂಡಿ ಒಳಗೆ ತಳ್ಳಿದ್ದರೂ ಕೆಲವೊಮ್ಮೆ ಕೇಬಲ್ ಹಿಡಿದುಕೊಂಡು, ಕಾರ್ಬುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಬಾಯಲ್ಲಿರುವ ತಗಡಿನ ಮುಚ್ಚಳ ಅರ್ಧ ಮುಚ್ಚಿಕೊಂಡೇ ಇರುತ್ತದೆ, ಬೆರಳಲ್ಲಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ (ಇಂಜಿನ್ ತಣ್ಣಗಾಗಲಿ, ಸುಮ್ನೆ ಕೈ ಸುಟ್ಟುಕೊಳ್ಳಬೇಡಿ). ಅದೂ ಸರಿಯಿದ್ದರೆ ಕಾರ್ಬುರೇಟರ್‌ಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸವೆದು ಪೆಟ್ರೋಲ್ ಉಕ್ಕುತ್ತಿರಬಹುದು.

ಅನುಮಾನ ಹೋಗಿಲ್ವಾ? ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿಯಲ್ಲಿ ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಜಿಡ್ಡು ಇದ್ದರೆ ಮಾತ್ರ ಆಯಿಲ್ ಒಳಗೆ ನುಗ್ಗದಂತೆ ತಡೆಯುವ ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಕಡೆ ನೋಡಬೇಕು.

ಎಮಿಷನ್ ಟೆಸ್ಟ್‌ನಲ್ಲಿ ಬಿಎಸ್-2 (ಭಾರತ್ ಸ್ಟೇಜ್ 2 ಮಾಲಿನ್ಯ ನಿಯಮ)ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ (ನಿಂತಲ್ಲೇ ಇಂಜಿನ್ ಓಡುವಾಗ) ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಅದನ್ನು ಇಳಿಸಬಹುದು, ಆದರೆ ಚೋಕ್ ಸಿಕ್ಕಿಕೊಂಡಿರುವಾಗ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ.