ಬೇಟೆಯ ಟ್ರೋಫಿಯನ್ನು ಗಡಿಯಲ್ಲೇ ತಡೆಯಬೇಕೇ?

ಶುಲ್ಕ ಕೊಟ್ಟು ಬೇರೆ ದೇಶದಲ್ಲಿ ಬೇಟೆಯಾಡುವವರು ಕೊಂದ ಪ್ರಾಣಿಯ ತಲೆ, ಚರ್ಮ, ಕೊಂಬನ್ನು ಟ್ರೋಫಿಯಾಗಿ ಮನೆಗೆ ತರುತ್ತಾರೆ. ಇಂಥ ಆಮದನ್ನು ನಿಷೇಧಿಸಬೇಕೇ ಎಂಬುದು ಇಲ್ಲಿನ ಚರ್ಚೆ.

ಪರ: ಆಮದು ನಿಲ್ಲಲಿ

ಸಿಂಹದ ವಯಸ್ಸನ್ನು ಮೂಗು ನೋಡಿ ಅಂದಾಜಿಸುತ್ತಾರೆ. ಮರಿಯ ಮೂಗು ನಸುಗೆಂಪು. ವರ್ಷ ಕಳೆದಂತೆ ಕಪ್ಪು ಚುಕ್ಕಿಗಳು ಕೂಡಿಕೊಂಡು, ಐದಾರು ವರ್ಷದ ಹೊತ್ತಿಗೆ ಅರ್ಧದಷ್ಟು ಕಪ್ಪಾಗಿರುತ್ತದೆ. ಆರು ವರ್ಷ ತುಂಬದ ಗಂಡು ಸಿಂಹವನ್ನು ಹೊಡೆಯಬಾರದು ಎಂಬ ಟಾಂಜಾನಿಯದ ನಿಯಮ ಪಾಲನೆಯಾಗಬೇಕಿರುವುದು ಇಂಥ ಗುರುತುಗಳಿಂದಲೇ. ಆದರೆ ಬೇಟೆಗಾರ ಮರೆಯಲ್ಲಿ ಕೂತಿರುತ್ತಾನೆ, ಮರಕ್ಕೆ ಕಟ್ಟಿದ ಮಾಂಸಕ್ಕೆ ಸಿಂಹ ಬರುವುದು ಮುಸ್ಸಂಜೆಗೆ. ಆ ಬೆಳಕಿನಲ್ಲಿ ದುರ್ಬೀನಿಗೆ ಮೂಗಿನ ಬಣ್ಣ ಎಷ್ಟು ಕಂಡೀತು? ಹಲ್ಲಿನ ಎಕ್ಸ್‌ರೇ ತೆಗೆದರೆ ಇನ್ನೂ ಖಚಿತವಾಗಿ ತಿಳಿಯುತ್ತದೆ, ಆದರೆ ಅದು ಪ್ರಾಣಿ ಸತ್ತ ಮೇಲಿನ ಮಾತು. ಎಳೆಯ ಗಂಡು ಸತ್ತರೆ ಹೋಗುವುದು ಒಂದೇ ಜೀವವಲ್ಲ. ಗುಂಪಿಗೆ ಹೊಸ ಗಂಡು ನುಗ್ಗಿ, ಸತ್ತವನ ಮರಿಗಳನ್ನೂ ಕೊಲ್ಲುತ್ತದೆ.

ಕಾಗದಪತ್ರಗಳ ಗತಿಯೂ ಇದೇ. ಬೇಟೆಯಿಂದ ಸಂತತಿಗೆ ಧಕ್ಕೆಯಿಲ್ಲ ಎಂದು ಬರೆದುಕೊಡುವುದು ರಫ್ತು ಮಾಡುವ ದೇಶ. ಶುಲ್ಕ ಎಣಿಸಿಕೊಳ್ಳುವುದೂ ಅದೇ ದೇಶ. ದಕ್ಷಿಣ ಆಫ್ರಿಕಾದಲ್ಲಿ ಬಂದೂಕು ಹಿಡಿಯಲೂ ಬಾರದ ವಿಯೆಟ್ನಾಮಿನವರು ಬೇಟೆಗಾರರ ಹೆಸರಿನಲ್ಲಿ ಬಿಳಿ ಖಡ್ಗಮೃಗಕ್ಕೆ ಪರವಾನಗಿ ಪಡೆದರು. ಟ್ರೋಫಿ ಎಂದು ಸಕ್ರಮವಾಗಿ ಹೊರಟ ಕೊಂಬು ಔಷಧಿಯ ಕಳ್ಳಪೇಟೆ ಸೇರಿತು. 2012ರಲ್ಲಿ ಅಂಥ ಅರ್ಜಿಗಳನ್ನು ತಡೆಯುವ ಹೊತ್ತಿಗೆ ದಂಧೆ ವರ್ಷಗಟ್ಟಲೆ ನಡೆದಿತ್ತು.

ಬೇರೆ ದೇಶದ ಕಾಡಿನಲ್ಲಿ ನಮ್ಮ ಕಾನೂನು ನಡೆಯದು, ನಮ್ಮ ಕಸ್ಟಮ್ಸ್ ಕಟ್ಟೆಯಲ್ಲಿ ನಡೆಯುತ್ತದೆ. ಆಸ್ಟ್ರೇಲಿಯ ಮತ್ತು ಫ್ರಾನ್ಸ್ 2015ರಲ್ಲೇ ಸಿಂಹದ ಟ್ರೋಫಿಗೆ ಬಾಗಿಲು ಹಾಕಿದವು. ಗೋಡೆಗೆ ತೂಗುಹಾಕಲು ತಲೆ ಮನೆಗೆ ಬರುವುದಿಲ್ಲ ಎಂದಾದರೆ ದುಡ್ಡು ಸುರಿಯುವವರು ಎಷ್ಟು ಮಂದಿ ಉಳಿದಾರು?

ವಿರೋಧ: ಟ್ರೋಫಿ ತಡೆದರೆ ಕಾಡು ಉಳಿಯದು

ಮೂಗಿನ ಲೆಕ್ಕ ತಪ್ಪುವುದುಂಟು, ಒಪ್ಪೋಣ. ಆದರೆ ಕಳ್ಳಬೇಟೆಯವರ ಉರುಳಿಗೆ ಆ ಲೆಕ್ಕವೇ ಇಲ್ಲ. ಬೇಲಿಯಿಂದ ಕಿತ್ತ ತಂತಿಯ ಕುಣಿಕೆ ಗಬ್ಬದ ಹೆಣ್ಣನ್ನೂ ಹಿಡಿಯುತ್ತದೆ, ಮರಿಯನ್ನೂ ಹಿಡಿಯುತ್ತದೆ. ಅದನ್ನು ಹುಡುಕಿ ತೆಗೆಯಲು ಜನ ದಿನವೂ ನಡೆಯಬೇಕು, ಜೀಪಿಗೆ ಡೀಸೆಲ್ ಬೇಕು, ತಿಂಗಳಿಗೆ ಸಂಬಳ ಬೇಕು. ರಸ್ತೆಯಿಲ್ಲದ, ಸೆಟ್ಸಿ ನೊಣ ಕಚ್ಚುವ ಕುರುಚಲು ಕಾಡಿಗೆ ಕ್ಯಾಮೆರಾ ಹಿಡಿದ ಪ್ರವಾಸಿ ಬರುವುದು ಅಪರೂಪ, ಬೇಟೆಗಾರ ಬರುತ್ತಾನೆ.

ನಮೀಬಿಯ 1996ರ ಕಾನೂನಿನಿಂದ ವನ್ಯಜೀವಿಗಳ ಆದಾಯವನ್ನು ಹಳ್ಳಿಗಳ ಕನ್ಸರ್ವೆನ್ಸಿಗಳಿಗೆ, ಅಂದರೆ ಊರಿನವರೇ ನಡೆಸುವ ವನ್ಯಜೀವಿ ಸಂರಕ್ಷಣಾ ಸಂಘಗಳಿಗೆ, ಬಿಟ್ಟುಕೊಟ್ಟಿತು. ಪ್ರವಾಸಿಗರಿಗೆ ಲಾಡ್ಜ್ ಕಟ್ಟಿ ಲಾಭ ಕಾಣಲು ವರ್ಷಗಳು ಬೇಕು. ಬೇಟೆಯ ಹಣ ಅದಕ್ಕಿಂತ ಮೊದಲೇ ಕೈಸೇರುತ್ತದೆ, ಮಾಂಸ ಊರಿಗೇ ಹಂಚಿಕೆಯಾಗುತ್ತದೆ, ಕಾವಲುಗಾರರಿಗೆ ಸಂಬಳ ಸಿಗುತ್ತದೆ. ಪಾಕಿಸ್ತಾನದ ಗುಡ್ಡಗಾಡಿನ ಕಾಡುಮೇಕೆ ಮಾರ್ಖೋರ್ ಇದಕ್ಕೆ ಇನ್ನೂ ಸ್ಪಷ್ಟ ಉದಾಹರಣೆ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದಡಿ ಅಲ್ಲಿಂದ ವರ್ಷಕ್ಕೆ 12 ಟ್ರೋಫಿಗಳಷ್ಟೇ ಹೊರಹೋಗಬಹುದು. ಪರವಾನಗಿ ಶುಲ್ಕದಲ್ಲಿ ಶೇ. 80ರಷ್ಟು ಹಳ್ಳಿಗೆ. ಒಂದು ಕಾಲಕ್ಕೆ ಸಿಕ್ಕಸಿಕ್ಕಲ್ಲಿ ಮಾಂಸಕ್ಕಾಗಿ ಹೊಡೆಯುತ್ತಿದ್ದ ಮೇಕೆ ಅದು. 2015ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು 'ಅಳಿವಿನಂಚಿನ' ಪಟ್ಟಿಯಿಂದ ಇಳಿಸಿ 'ಅಪಾಯದ ಸಮೀಪ' ಎಂದಿತು. ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿತ್ತು. ಮುಂದಿನ ನಾಲ್ಕು ದಶಕಗಳಲ್ಲಿ ಅಲ್ಲಿನ ದೊಡ್ಡ ಪ್ರಾಣಿಗಳು ಸರಾಸರಿ ಮೂರನೇ ಎರಡು ಭಾಗದಷ್ಟು ಕಡಿಮೆಯಾದವು. ಕಾರಣ ದನಕರು, ಬೇಲಿ, ಬೇಸಾಯ. ನಿಷೇಧವೇ ಕೊಂದಿತು ಎನ್ನುವುದು ತಪ್ಪಾದೀತು. ಅದು ಉಳಿಸಲಿಲ್ಲ ಎನ್ನುವುದಂತೂ ನಿಜ.

ವಂಚನೆ ತಡೆಯಲು ಸಾರಾಸಗಟು ನಿಷೇಧವೇ ಬೇಕಿಲ್ಲ. ಅಮೆರಿಕ 2014ರಲ್ಲಿ ಜಿಂಬಾಬ್ವೆ ಮತ್ತು ಟಾಂಜಾನಿಯದ ಆನೆಗಳ ಟ್ರೋಫಿಯನ್ನಷ್ಟೇ ಬೊಟ್ಟುಮಾಡಿ ತಡೆದಿತ್ತು. ಐರೋಪ್ಯ ಒಕ್ಕೂಟ 2015ರಿಂದ ಸಿಂಹ, ಆನೆ, ನೀರಾನೆ ಸೇರಿ ಆರು ಬಗೆಯ ಪ್ರಾಣಿಗಳ ಟ್ರೋಫಿಗೆ ತನ್ನದೇ ಆಮದು ಪರವಾನಗಿ ಕೇಳುತ್ತಿದೆ. ಆಮದು ಮಾಡಿಕೊಳ್ಳುವ ದೇಶ ಅರ್ಜಿಯ ಜೊತೆ ಹಲ್ಲಿನ ಎಕ್ಸ್‌ರೇ, ಬೇಟೆ ನಡೆದ ಕಾಡಿನ ಭಾಗದ ಪ್ರಾಣಿ ಗಣತಿ, ಹಳ್ಳಿಗೆ ಹಣ ಪಾವತಿಯಾದ ರಸೀದಿ, ಈ ಮೂರನ್ನೂ ಕೇಳಲಿ. ಒಂದು ಇಲ್ಲದಿದ್ದರೂ ಪೆಟ್ಟಿಗೆ ವಾಪಸ್ ಹೋಗಲಿ.